ಪುಟ್ಟಿಯ ರಿಪೋರ್ಟ್ ಬಂತು, ಎಲ್ಲರಿಗೂ ಥ್ಯಾಂಕ್ಸ್

ನಮ್ಮ ಮಗಳು ಪುಟ್ಟಿಯ ಜೆನೆಟಿಕ್ ಟೆಸ್ಟ್ ರಿಪೋರ್ಟ್ ಹೋದ ವಾರ ಕೈಗೆ ಬಂತು. ಇನ್ನು ಮೂರು ತಿಂಗಳಿಗೊಮ್ಮೆ ಕಿಡ್ನಿ ಸ್ಕ್ಯಾನ್ ಮಾಡಿಸಬೇಕಾಗಿಲ್ಲ ಎಂದು ಡಾಕ್ಟರ್ ಹೇಳಿದರು. ಡೊಂಬಿವಲಿಯ ನಮ್ಮವರು, ಊರಿನವರು ಎಲ್ಲ ಫೋನ್ ಮಾಡಿ ವಿಚಾರಿಸುತ್ತಲೇ ಇದ್ದೀರಿ. ನಿಮಗೆಲ್ಲ ಈ ಪತ್ರ.

ಕಣ್ಣಿನ ತೊಂದರೆಗೆ ಕಿಡ್ನಿ ಸ್ಕ್ಯಾನ್ ಯಾಕೆ ಅಂತ ತುಂಬಾ ಜನ ಕೇಳಿದ್ದಿರಿ. ಪುಟ್ಟಿಗೆ ಇರುವುದು ಅನಿರಿಡಿಯಾ. ಕಪ್ಪು ಪಾಪೆಯ ಸುತ್ತ ಬಣ್ಣದ ಭಾಗ ಇರುತ್ತದೆ, ಐರಿಸ್ ಅಂತಾರೆ. ಅದು ಅವಳಿಗೆ ಹೆಚ್ಚುಕಡಿಮೆ ಬೆಳೆದೇ ಇಲ್ಲ. ಹಾಗಾಗಿ ಬಿಸಿಲು ತಡೆಯುವುದಿಲ್ಲ. ಕಾರಣ, 11ನೇ ಕ್ರೋಮೋಸೋಮಿನಲ್ಲಿರುವ ಪ್ಯಾಕ್ಸ್-6 ಜೀನ್. ಜೀನ್ ಅಂದರೆ ದೇಹ ಹೇಗೆ ಬೆಳೆಯಬೇಕು ಎಂದು ಹೇಳುವ ಬರಹದ ತುಣುಕು, ಕ್ರೋಮೋಸೋಮ್ ಅಂದರೆ ಅಂಥ ಜೀನ್‌ಗಳನ್ನು ಹೊತ್ತ ಎಳೆ. ಪ್ಯಾಕ್ಸ್-6ಕ್ಕೆ ಹತ್ತಿರದಲ್ಲೇ ಡಬ್ಲ್ಯೂಟಿ-1 ಎಂಬ ಇನ್ನೊಂದು ಜೀನ್ ಇದೆ. ಎರಡನ್ನೂ ಸೇರಿಸಿ ಒಂದು ತುಂಡೇ ಕಾಣೆಯಾಗಿದ್ದರೆ, ಕಿಡ್ನಿಯಲ್ಲಿ ವಿಲ್ಮ್ಸ್ ಟ್ಯೂಮರ್ ಎಂಬ ಕ್ಯಾನ್ಸರ್ ಬರುವ ಅಪಾಯ ಜಾಸ್ತಿ. ಪುಟ್ಟಿಗೆ ತುಂಡು ಹೋಗಿಲ್ಲ. ಪ್ಯಾಕ್ಸ್-6 ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡು ಪ್ರತಿ ಇರುತ್ತದೆ. ಅದರ ಒಂದು ಪ್ರತಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಅಷ್ಟೆ.

ಇಂಥ ಟೆಸ್ಟಿನ ವಿಷಯ ಮನೆಯವರಿಗೆ ಬಿಡಿಸಿ ಹೇಳುವ, ಮುಂಬೈ ಪರೇಲಿನ ಜೆನೆಟಿಕ್ ಕೌನ್ಸೆಲರ್ ಮೇಡಂಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. "ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ದೆಯಾ?" ಮಗು ಹುಟ್ಟಿದಂದಿನಿಂದ ಇದನ್ನು ಕೇಳಿ ಕೇಳಿ ನನಗೇ ಅನುಮಾನ ಹತ್ತಿತ್ತು. ಮೇಡಂ ನನಗೆ ಇಲಿಗಳ ಕಥೆ ಹೇಳಿದರು. ಹುಟ್ಟುವಾಗಲೇ ಕಣ್ಣು ಚಿಕ್ಕದಾಗಿರುವ ಒಂದು ಜಾತಿಯ ಇಲಿಯನ್ನು ವಿಜ್ಞಾನಿಗಳು ಬಹಳ ಕಾಲದಿಂದ ಸಾಕುತ್ತಿದ್ದರಂತೆ. ಹೆಸರೇ 'ಸ್ಮಾಲ್ ಐ'. ಅದರಲ್ಲಿ ಕೆಟ್ಟಿರುವುದು ಪ್ಯಾಕ್ಸ್-6 ಎಂದು 1991ರಲ್ಲಿ ಗೊತ್ತಾಯಿತು. ಅದೇ ವರ್ಷ ಅನಿರಿಡಿಯಾ ಇರುವವರಲ್ಲೂ ಇದೇ ಜೀನ್ ಕೆಟ್ಟಿರುವುದು ಕಂಡುಬಂತು. ಒಂದು ಪ್ರತಿ ಕೆಟ್ಟರೆ ಇಲಿಗೆ ಚಿಕ್ಕ ಕಣ್ಣು. ಎರಡೂ ಕೆಟ್ಟರೆ ಕಣ್ಣೂ ಇಲ್ಲ, ಮೂಗೂ ಇಲ್ಲ, ಹುಟ್ಟಿದ ಕೂಡಲೇ ಸಾವು.

"ಇನ್ನೊಂದು ಪ್ರತಿ ಚೆನ್ನಾಗಿದೆಯಲ್ಲ, ಅದು ಸಾಲದಾ?" ಎಂದು ಅತ್ತೆ ಕೇಳಿದರು. ಸಾರಿಗೆ ಉಪ್ಪು ಹಾಕಿದ ಹಾಗೆ, ಅಳತೆ ಸರಿಯಾಗಿರಬೇಕು ಎಂದರು ಮೇಡಂ. ಪ್ಯಾಕ್ಸ್-6ರ ಪ್ರತಿಗಳು ಜಾಸ್ತಿಯಾದ ಇಲಿಗಳಿಗೂ ಕಣ್ಣು ಕೆಡುತ್ತದಂತೆ. 1995ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆಹ್ರಿಂಗ್ ಅವರ ತಂಡ ಇಲಿಯ ಇದೇ ಜೀನನ್ನು ಹಣ್ಣಿನ ನೊಣದ ಕಾಲಿನಲ್ಲಿ ಕೆಲಸ ಮಾಡುವಂತೆ ಮಾಡಿತು. ಕಾಲಿನ ಮೇಲೆ ಕಣ್ಣು ಬೆಳೆಯಿತು! ಅದೂ ಇಲಿಯ ಕಣ್ಣಲ್ಲ, ನೊಣದ್ದೇ ಕಣ್ಣು. ನೊಣ, ಇಲಿ, ಮನುಷ್ಯ ಎಲ್ಲರಲ್ಲೂ ಕಣ್ಣು ಬೆಳೆಸುವ ಇಷ್ಟು ಹಳೆಯ, ಇಷ್ಟು ಮುಖ್ಯವಾದ ಜೀನಿನ ವಿಷಯದಲ್ಲಿ ಗ್ರಹಣದ ಮಾತೆಲ್ಲಿ ಬಂತು? ಅಪ್ಪ, ಅಮ್ಮ ನಮ್ಮಿಬ್ಬರ ರಕ್ತದಲ್ಲೂ ಪುಟ್ಟಿಗಿರುವ ಆ ಬದಲಾವಣೆ ಇಲ್ಲ. ತಾನಾಗಿ ಆದದ್ದು. ಯಾರೂ ಮಾಡಿದ್ದಲ್ಲ.

ಅವತ್ತಿನಿಂದ ಯಾರಾದರೂ ಗ್ರಹಣದ ಮಾತೆತ್ತಿದರೆ ನನ್ನ ಅತ್ತೆಯೇ ಇಲಿಯ ಕಥೆ ಹೇಳುತ್ತಾರೆ. ಅತ್ತೆ, ನಿಮ್ಮ ಋಣ ದೊಡ್ಡದು. ಟೆಸ್ಟಿನ ದುಡ್ಡು ಹೊಂದಿಸಿಕೊಟ್ಟ ಭಾವನವರಿಗೆ, ಭಜನಾ ಮಂಡಳಿಯ ಅಕ್ಕಂದಿರಿಗೆ ನಮಸ್ಕಾರ. ಆಸ್ಪತ್ರೆಗೆ ಹೋದಾಗಲೆಲ್ಲ ಮಗನನ್ನು ನೋಡಿಕೊಂಡ ಪಕ್ಕದ ಮನೆ ಕಾಕೂ, ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ತರಗತಿಯಲ್ಲೂ ಕಪ್ಪು ಕನ್ನಡಕ, ಟೋಪಿ ಹಾಕಲು ಬಿಟ್ಟ ಟೀಚರ್, ನಿಮ್ಮನ್ನು ಮರೆಯುವುದಿಲ್ಲ. ಹೆಸರೂ ಗೊತ್ತಿಲ್ಲದ ಎಷ್ಟೋ ವಿಜ್ಞಾನಿಗಳಿಗೆ, ಆ ಇಲಿಗಳಿಗೂ, ಮನಸಾರೆ ಕೈಮುಗಿಯುತ್ತೇನೆ.

ಕಣ್ಣಿನ ತಪಾಸಣೆ ಮುಂದುವರಿಯುತ್ತದೆ. ಪೊರೆ ಬರಬಹುದು, ಕಣ್ಣಿನ ಒತ್ತಡ ಏರಿ ನರ ಕೆಡುವ ಗ್ಲಾಕೋಮಾ ಬರಬಹುದು, ಅದಕ್ಕೆ ಕಣ್ಣಿನ ಒತ್ತಡ ನೋಡಿಸುತ್ತಲೇ ಇರಬೇಕು. ನಿಮಗೆ ಗೊತ್ತಿರುವ ಯಾವುದಾದರೂ ಮಗುವಿಗೆ ಇಂಥ ಕಣ್ಣಿದ್ದರೆ, ಜೆನೆಟಿಕ್ ಟೆಸ್ಟಿಗೆ ದುಡ್ಡು ಹೊಂದುವ ತನಕ ಸುಮ್ನೆ ಕೂರಬೇಡಿ. ಕಿಡ್ನಿ ಸ್ಕ್ಯಾನ್ ಬಗ್ಗೆ ಮೊದಲು ಡಾಕ್ಟರನ್ನು ಕೇಳಿ. ಜೊತೆಗೆ ಯಾರಾದರೂ ಬೇಕು ಅನಿಸಿದರೆ ನನ್ನನ್ನು ಕರೆಯಿರಿ, ಪರೇಲಿಗೆ ನಾನೂ ಬರುತ್ತೇನೆ.