ಅವ್ವನ ಪುಣ್ಯಸ್ಮರಣೆಯ ಒಕ್ಕಣೆ ಬಗ್ಗೆ ಅಕ್ಕನಿಗೊಂದು ಕಾಗದ

ಮೆಲ್ಬರ್ನ್

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಬಸವನಗುಡಿಯಲ್ಲಿ ನೀನು, ಭಾವ, ಮಕ್ಕಳು ಎಲ್ಲ ಆರಾಮಾಗಿದ್ದೀರೆಂದು ನಂಬಿದ್ದೇನೆ.

ಅವ್ವನ ವರ್ಷದ ಕಾರ್ಯಕ್ಕೆ ಪೇಪರಿನಲ್ಲಿ ಹಾಕಿಸಲು ಭಾವ ಬರೆದ ಒಕ್ಕಣೆಯನ್ನು ವಾಟ್ಸಾಪಿನಲ್ಲಿ ಓದಿದೆ. ಫೋನಿನಲ್ಲಿ ಹೇಳಿದರೆ ಅವರಿಗೆ ಬೇಜಾರಾದೀತು ಅಂತ ಕಾಗದ ಹಿಡಿದೆ. ‘ಯಾರಿಗೂ ಕಟುವಾಗಿ ಒಂದು ಮಾತಾಡದ ಸಹನಾಮೂರ್ತಿ’ ಅಂತ ಬರೆದಿದ್ದಾರಲ್ಲ, ಅದು ಯಾರ ಅವ್ವ? ತಿಪಟೂರಿನ ಕೊಬ್ಬರಿ ಮಂಡಿಯವರು ಓದಿದರೆ ಬಿದ್ದು ಬಿದ್ದು ನಕ್ಕಾರು.

ತೆಂಗಿನ ತೋಟ ಅಪ್ಪನದು, ಆದರೆ ಕಾಯಿ ಅಟ್ಟ ಹತ್ತಿದ ಮೇಲೆ ಅವ್ವನ ಸುಪರ್ದಿ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಬಿದ್ದಿರಬೇಕು, ಒಳಗಿನ ನೀರು ಇಂಗಬೇಕು, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಿ ಉರುಳಬೇಕು. ನಿನಗೆ ನೆನಪಿದೆಯಾ, ಅವ್ವ ಏಣಿ ಹತ್ತಿ ಒಂದೊಂದನ್ನೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದದ್ದು? ನೀರಿನ ಸದ್ದಾದರೆ ವಾಪಸು ಇಡೋದು, ಲೊಟಲೊಟ ಅಂದರೆ ಕೆಳಗೆ ನಿಂತ ನಮ್ಮ ಕೈಗೆ ಎಸೆಯೋದು. ಅಪ್ಪನಿಗೆ ಆ ಕಿವಿ ಇರಲಿಲ್ಲ. ಅವರೇ ಒಪ್ಪಿಕೊಳ್ಳುತ್ತಿದ್ದರು.

ಬೆಲೆಯ ವಿಚಾರಕ್ಕಂತೂ ಯಾರೂ ಅವಳ ಹತ್ತಿರ ಸುಳಿಯುವ ಹಾಗಿರಲಿಲ್ಲ. ನಮ್ಮ ಉಂಡೆ ಕೊಬ್ಬರಿ ಹೋಗೋದು ಉತ್ತರದ ಕಡೆಗೆ, ಅಲ್ಲಿ ಹಬ್ಬ ಬಂದರೆ ಇಲ್ಲಿ ರೇಟು ಏರುತ್ತೆ ಅನ್ನೋದು ನಾಲ್ಕನೇ ಕ್ಲಾಸು ಓದಿದ ಅವಳಿಗೆ ಅಂಗೈ ಮೇಲಿನ ಗೆರೆಯಷ್ಟು ಗೊತ್ತಿತ್ತು. ಒಂದು ವರ್ಷ ದಲ್ಲಾಳಿಯೊಬ್ಬ ಮನೆಗೇ ಬಂದು, ‘ಈಗ್ಲೇ ಕೊಟ್ಬಿಡಿ ಅಮ್ಮಾರೆ, ಮುಂದೆ ಬಿದ್ದೋಗುತ್ತೆ’ ಅಂದ. ‘ಬಿದ್ರೆ ನಮ್ಮಟ್ಟದಲ್ಲೇ ಬೀಳ್ಲಿ ಬಿಡಪ್ಪ, ನೀನ್ಯಾಕೆ ಹಿಡಿಯಾಕೆ ಬಂದೆ?’ ಅಂದಳು. ಅವನಿಗೆ ಕಾಫಿ ಮಾತ್ರ ಕೊಟ್ಟೇ ಕಳಿಸಿದಳು.

ನಿನ್ನ ಓದು ಇದೇ ದುಡ್ಡಿನದು. 1974ರಲ್ಲಿ ನಿನ್ನನ್ನು ಬೆಂಗಳೂರಿನ ಮಹಾರಾಣಿ ಕಾಲೇಜಿಗೆ ಸೇರಿಸುವಾಗ ದೊಡ್ಡಪ್ಪ ಜಗಲಿ ಮೇಲೆ ಕೂತು, ಹೆಣ್ಣುಹುಡುಗಿಗೆ ಅಷ್ಟು ದೂರದ ಓದು ಯಾಕೆ ಅಂತ ಶುರು ಮಾಡಿದರು. ಅವ್ವ ಒಳಗಿಂದಲೇ, ‘ಕೊಬ್ಬರಿ ನಂದು, ಮಗಳೂ ನಂದು, ನಿಮಗೇನು ಕಷ್ಟ?’ ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ದೊಡ್ಡಪ್ಪ ಆರು ತಿಂಗಳು ಮನೆಗೆ ಬರಲಿಲ್ಲ. ನಮಗೇನು ಕಷ್ಟವಾಗಲಿಲ್ಲ ಬಿಡು.

ಅಪ್ಪ ಹೋದ ಮೇಲೆ ನಿಮ್ಮನೆಗೆ ಬಂದಳು. ಊರು ಬಿಟ್ಟು ಕೊರಗುತ್ತಾಳೆ ಅಂತ ನಾನು ಹೆದರಿದ್ದೆ. ಎಲ್ಲಿಯ ಕೊರಗು! ಗಾಂಧಿ ಬಜಾರಿನ ಹೂವಿನವರಿಗೆಲ್ಲ ಅವಳ ಹೆದರಿಕೆ ಹತ್ತಿತು. ಕಾರ್ತೀಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಯಲ್ಲಿ, ‘ಸೇರಿನ ಮೇಲೆ ಗೋಪುರ ನಿಲ್ಲೋ ಹಂಗೆ ಅಳಿಯಪ್ಪ’ ಅಂತ ನಿಂತರೆ ಹಿಂದೆ ಸಾಲು ಬೆಳೆಯುತ್ತಿತ್ತು, ನಿನಗೆ ನಾಚಿಕೆ. ಐವತ್ತು ಪೈಸೆಗೆ ಕೊನೆವರೆಗೂ ಎಂಟಾಣೆಯೇ. ನಯಾಪೈಸೆ ಬಂದಿದ್ದು 1957ರಲ್ಲಿ, ಅವಳ ಮಟ್ಟಿಗೆ ಬರಲೇ ಇಲ್ಲ.

ಇನ್ನು ಓಟು. 1932ರಲ್ಲಿ ಹುಟ್ಟಿದವಳು, 1952ರ ಮೊದಲ ಚುನಾವಣೆಗೆ 21 ತುಂಬಿರಲಿಲ್ಲ. ಆ ಸಿಟ್ಟಿಗೋ ಏನೋ, ಆಮೇಲೆ ಒಂದನ್ನೂ ಬಿಡಲಿಲ್ಲ. 2023ರಲ್ಲಿ 80 ದಾಟಿದವರು ಮನೆಯಲ್ಲೇ ಓಟು ಹಾಕಬಹುದು ಅಂತಾದಾಗ, ‘ನಾನು ಯಾರಿಗೆ ಹಾಕ್ದೆ ಅಂತ ಅಡುಗೆಮನೇಲಿ ನಿಂತು ನೋಡ್ತಾರಾ?’ ಅಂತ ಭಾವನ ಕೈ ಹಿಡಿದು ಬೂತಿಗೇ ಹೋದಳಂತೆ. ಯಾರಿಗೆ ಹಾಕಿದಳೆಂದು ಭಾವನಿಗೂ ಹೇಳಿರಲಿಲ್ಲ ಅಲ್ಲವಾ?

ಅದಕ್ಕೇ ಅಕ್ಕ, ಆ ಸಹನೆಯ ಸಾಲು ತೆಗೆಸು. ಹೆಸರು, ಊರು, ಹುಟ್ಟಿದ ವರ್ಷ ಹೋದ ವರ್ಷ, ಕೊಬ್ಬರಿ ವ್ಯಾಪಾರ ಮಾಡಿ ಮೂರು ಮಕ್ಕಳನ್ನು ಓದಿಸಿದವಳು, ಇಷ್ಟು ಸಾಕು. ಫೋಟೋಗೆ ಸ್ಟುಡಿಯೋದವರು ಮುಖ ಬೆಳ್ಳಗೆ ಮಾಡಿ ಕೊಟ್ಟದ್ದು ಬೇಡ. ಓಟಿನ ಗುರುತಿನ ಚೀಟಿಯಲ್ಲಿ ಕ್ಯಾಮೆರಾದವನನ್ನೇ ಗದರಿಸುವಂತೆ ನೋಡುತ್ತಿದ್ದಾಳಲ್ಲ, ಅದನ್ನೇ ದೊಡ್ಡದು ಮಾಡಿಸಿ ಹಾಕಿ. ಖರ್ಚಿನ ಅರ್ಧ ನನ್ನದು. ಭಾವನಿಗೆ ಇದನ್ನು ನಾನು ಹೇಳಿದೆ ಅನ್ನಬೇಡ, ನೀನೇ ಹೇಳಿದ ಹಾಗೆ ಹೇಳು.

ಇಂತಿ ನಿನ್ನ ತಮ್ಮ