ಕೂಗುವವನನ್ನೂ ನೋಡು

ಪ್ರೀತಿಯ ತಂಗಿಗೆ,

ನಿನ್ನ ಕಥೆ ಓದಿದೆ. ಆ ಟೊಮೆಟೊ ರೈತ ಕಣ್ಣಿಗೆ ಕಟ್ಟುತ್ತಾನೆ. ರೇಟು ಬಿದ್ದ ದಿನ ಹಣ್ಣನ್ನೆಲ್ಲ ರಸ್ತೆಗೆ ಸುರಿದು, ಖಾಲಿ ಬಾಕ್ಸ್‌ಗಳನ್ನು ಮಾತ್ರ ಜೋಪಾನವಾಗಿ ಎಣಿಸಿ ಇಡುತ್ತಾನಲ್ಲ, ಅದು ಸುಮ್ನೆ ಹೊಳೆಯುವ ಮಾತಲ್ಲ. ಆದರೆ ರೈತನ ಹಣ್ಣನ್ನು ಹರಾಜು ಕೂಗಿ ಮಾರಿಕೊಡುವ ಮಂಡಿಯವನು? ಬೆರಳಿಗೆ ಉಂಗುರ, ಗದರುವ ದನಿ, ಅಷ್ಟೇ. ಅವನು ಮನುಷ್ಯನಾಗಲೇ ಇಲ್ಲ ಕಣಮ್ಮ.

ಕೋಲಾರದ ಎಪಿಎಂಸಿ ನಿಮ್ಮೂರಿಗೆ ಹತ್ತಿರವೇ ಅಲ್ವಾ? ಹರಾಜಿನ ಹೊತ್ತಿಗೆ ಹೋಗು. 15 ಕೆಜಿ ಬಾಕ್ಸ್‌ಗಳ ಪಕ್ಕ ರೈತ ನಿಂತಿರುತ್ತಾನೆ. ಮಂಡಿಯವನು ರೇಟು ಕೂಗಿ ಮುಂದಿನ ರಾಶಿಗೆ ಹೋಗಿಬಿಡುತ್ತಾನೆ. ತಿಂಗಳುಗಟ್ಟಲೆ ಬೆಳೆದದ್ದಕ್ಕೆ ಕ್ಷಣದಲ್ಲಿ ಬೆಲೆ ಕಟ್ಟಿಯಾಯಿತು. ಇಷ್ಟನ್ನು ನೀನು ನೋಡಿದ್ದೀಯ. ಇನ್ನು ಕೂಗುವವನನ್ನು ನೋಡು. ಹೊರಗಿನ ವ್ಯಾಪಾರಿ ಲಾರಿ ತುಂಬಿಸಿಕೊಂಡು, ದುಡ್ಡು ಆಮೇಲೆ ಕಳಿಸುತ್ತೇನೆ ಅಂದರೂ ರೈತನಿಗೆ ಇವನೇ ಜವಾಬು ಹೇಳಬೇಕು. ನಾಟಿ ಹೊತ್ತಿನಲ್ಲಿ ಆ ರೈತನಿಗೆ ಮುಂಗಡ ಕೊಟ್ಟವನೂ ಇವನೇ ಇರಬಹುದು. ಅದೇ ಮುಂಗಡ ರೈತನನ್ನು ಬೇರೆ ಮಂಡಿಗೆ ಹೋಗದಂತೆ ಕಟ್ಟಿಹಾಕುತ್ತದೆ. ಸಹಾಯವೂ ಹೌದು, ಹಗ್ಗವೂ ಹೌದು. ನಿನ್ನ ಕಥೆ ಇರುವುದು ಅಲ್ಲಿ.

ಅವನನ್ನು ಕ್ಷಮಿಸು ಅನ್ನುತ್ತಿಲ್ಲ. ಅವನ ಜಾಗದಲ್ಲಿ ನಿಂತು ನೋಡಿದರೆ ಅವನ ತಪ್ಪು ಇನ್ನೂ ಚೆನ್ನಾಗಿ ಕಾಣುತ್ತದೆ. ನಾನು ಒಳ್ಳೆಯವನೇ ಅಂತ ನಂಬಿಕೊಂಡೇ ಜನ ಅನ್ಯಾಯ ಮಾಡುತ್ತಾರೆ. ನೀನು, ನಾನು ಎಲ್ಲರೂ ಹಾಗೇ. ಅದಕ್ಕೇ ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವ ಈ ಅಭ್ಯಾಸ ಕಥೆಗಿಂತ ಜಾಸ್ತಿ ಬದುಕಿಗೆ ಬೇಕು.

2023ರ ಜುಲೈನಲ್ಲಿ ಇದೇ ಬಾಕ್ಸ್ 2,000 ರೂಪಾಯಿ ದಾಟಿತ್ತು. ಪೇಟೆಯ ಮನೆಗಳಲ್ಲಿ ಸಾರಿಗೆ ಹುಣಸೆಹಣ್ಣೇ ಗತಿಯಾಯಿತು. ಹಳ್ಳಿಯಲ್ಲಿ ರಾತ್ರಿಯೆಲ್ಲ ತೋಟ ಕಾದರು. ರೇಟು ಇಳಿಯಲಿ ಅಂದವರದೂ ಕಷ್ಟವೇ, ಇನ್ನೊಂದು ವಾರ ಇರಲಿ ಅಂದವರದೂ ಕಷ್ಟವೇ. ಒಬ್ಬರ ಪರ ನಿಲ್ಲುವಾಗಲೂ ಇನ್ನೊಬ್ಬರ ಕಷ್ಟ ಮರೆಯದಿರುವುದು ಸುಲಭವಲ್ಲ.

ಕೊನೆಗೆ ಒಂದು ಮಾತು. ಹಣ್ಣು ಬಿಡಿಸಿದ ಹೆಂಗಸರು ನಿನ್ನ ಕಥೆಯಲ್ಲಿ ಇಲ್ಲವೇ ಇಲ್ಲ. ನಿಮ್ಮ ತೋಟಕ್ಕೂ ಬರುತ್ತಾರಲ್ಲ, ಅವರ ಜೊತೆ ಒಂದು ದಿನ ಹಣ್ಣು ಬಿಡಿಸು. ಗಿಡದ ಹಸಿರು ಬೆರಳಿಗೆ ಕಪ್ಪಾಗಿ ಅಂಟುತ್ತದೆ, ಸೋಪು ಹಾಕಿದರೂ ಬೇಗ ಬಿಡುವುದಿಲ್ಲ. ಸಂಜೆ ಕೂಲಿ ಕೇಳಲು ಅವರು ನಿಮ್ಮಪ್ಪನ ಮುಂದೆ ಎಷ್ಟು ಹಿಂದೆಮುಂದೆ ನೋಡುತ್ತಾರೆ ಗಮನಿಸು. ಆಮೇಲೆ ಕಥೆ ತಿದ್ದು. ಅದಕ್ಕೂ ಮೊದಲು, ಅವರ ಕೂಲಿ ಏನಾದರೂ ಬಾಕಿ ಇದ್ದರೆ ಅಪ್ಪನಿಗೆ ಹೇಳಿ ಕೊಡಿಸು.

ಇಂತಿ,
ನಿನ್ನ ಅಕ್ಕ