ಮಡಿಕೇರಿಯ ಆ ಪುಣ್ಯಾತ್ಮರಿಗೆ ಥ್ಯಾಂಕ್ಸ್

ನಮ್ಮ ಕಾಫಿ ಬೆಳೆಗಾರರ ಗುಂಪಿನ ಫೇಸ್‌ಬುಕ್ ಖಾತೆ ಲಾಕ್ ಆಗಿದ್ದಾಗ ಮಡಿಕೇರಿಯ ಮೊಬೈಲ್ ಅಂಗಡಿಯಲ್ಲಿ ಸಿಕ್ಕಿ, ಅದನ್ನು ಬಿಡಿಸಿಕೊಟ್ಟವರಿಗೆ ಧನ್ಯವಾದ. ಹೆಸರೂ ಹೇಳಲಿಲ್ಲ, ದುಡ್ಡೂ ಮುಟ್ಟಲಿಲ್ಲ.

ಓಟಿಪಿ ಬರಲಿಲ್ಲವೆಂದು ಪದೇ ಪದೇ ಒತ್ತುವುದನ್ನು ಅವರು ಮೊದಲು ನಿಲ್ಲಿಸಿದರು. ಮಳೆಗಾಲದಲ್ಲಿ ಟವರ್ ಕೈಕೊಟ್ಟರೆ ಎಸ್‌ಎಂಎಸ್ ತಡವಾಗುತ್ತದೆ. ಅಷ್ಟರಲ್ಲಿ ಹೊಸದು ಕೇಳಿದರೆ ಹಳೇ ಕೋಡ್ ನಡೆಯುವುದಿಲ್ಲ, ಕೇಳುತ್ತಲೇ ಹೋದರೆ ಸ್ವಲ್ಪ ಹೊತ್ತು ದಾರಿಯೇ ಬಂದ್. ಆಮೇಲೆ ಜಿಮೇಲ್ ಪಾಸ್‌ವರ್ಡ್ ಬದಲಿಸಲು ಹೇಳಿದರು. ಮೇಲ್ ಬೇರೆಯವರ ಕೈಯಲ್ಲಿದ್ದರೆ ವಾಪಸ್ ಬಂದ ಖಾತೆ ಮತ್ತೆ ಹೋಗುತ್ತದೆ. ಇಮೇಲ್ ವಿಳಾಸ ಬದಲಾದರೆ ಹಳೇ ವಿಳಾಸಕ್ಕೊಂದು ಸೂಚನೆ ಬರುತ್ತದಂತೆ, ಸ್ಪ್ಯಾಮಲ್ಲೂ ಹುಡುಕಬೇಕು. ‘ಫೇಸ್‌ಬುಕ್ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್’ ಎಂಬ, ಖಾತೆ ಬೇರೆಯವರ ಕೈಗೆ ಹೋದವರಿಗೆಂದೇ ಇರುವ ಪುಟವನ್ನು ಯಾವಾಗಲೂ ಬಳಸುತ್ತಿದ್ದ ಫೋನಲ್ಲೇ ತೆರೆಸಿದರು. ಗುರುತಿರುವ ಫೋನಾದರೆ ಪರಿಶೀಲನೆ ಸಲೀಸು. ಹೊಸ ಪಾಸ್‌ವರ್ಡ್ ಹಾಕುವಾಗ ಬೇಕೆಂದೇ ಮುಖ ಆಚೆ ತಿರುಗಿಸಿದರು. ಅಂಥವರನ್ನು ನಂಬಬಹುದು; ‘ಓಟಿಪಿ ಹೇಳಿ, ಖಾತೆ ಬಿಡಿಸಿಕೊಡ್ತೀವಿ’ ಅಂತ ಮೆಸೇಜ್ ಹಾಕುವವರನ್ನಲ್ಲ.

ಒಳಗೆ ಹೋದದ್ದೇ ಎಲ್ಲ ಕಡೆಯಿಂದ ಲಾಗ್‌ಔಟ್, ಗೊತ್ತಿಲ್ಲದ ಇಮೇಲ್ ಡಿಲೀಟ್. ಎಸ್‌ಎಂಎಸ್ ಬದಲು ಫೋನಲ್ಲೇ ಲಾಗಿನ್ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಸಿದರು, ಅದಕ್ಕೆ ನೆಟ್‌ವರ್ಕ್ ಬೇಡ. ಫೋನ್ ಕೈಯಲ್ಲಿಲ್ಲದಾಗ ಒಳಗೆ ಹೋಗಲು ಫೇಸ್‌ಬುಕ್ ಕೊಡುವ 10 ರಿಕವರಿ ಕೋಡ್‌ಗಳನ್ನು ಕಾಗದಕ್ಕೆ ಬರೆಸಿದರು. ಒಂದು ಕೋಡ್ ಒಂದೇ ಸಲ ನಡೆಯುತ್ತದೆ, ಬಳಸಿದ್ದಕ್ಕೆ ಗೀಟು ಹಾಕಿ.